ರ್ಯಾಮ್ ಜಾಸ್ತಿ ಮಾಡಿದ ಮೇಲೆ ರಾತ್ರಿ ಬೀಳುವ ಸರ್ವರ್

ಪ್ರಶ್ನೆ: ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನಾನೊಬ್ಬನೇ ನೋಡಿಕೊಳ್ಳುತ್ತೇನೆ. ನಮ್ಮ ಸರ್ವರ್‌ನಲ್ಲಿ ಎರಡು ಜಿಯಾನ್ ಇ5 ವಿ4 ಪ್ರೊಸೆಸರ್ ಇವೆ, ರ್ಯಾಮ್‌ಗೆ 16 ಸ್ಲಾಟ್. ಮೊದಲು 8 ಜಿಬಿಯ ಎಂಟು ಸ್ಟಿಕ್ ಇದ್ದವು. ಎಸ್.ಪಿ. ರೋಡಿನಿಂದ 32 ಜಿಬಿಯ ನಾಲ್ಕು ಸೆಕೆಂಡ್ ಹ್ಯಾಂಡ್ ಸ್ಟಿಕ್ ತಂದು ಖಾಲಿ ಸ್ಲಾಟ್‌ಗಳಿಗೆ ಹಾಕಿದೆ. ಈಗ ಒಟ್ಟು 192 ಜಿಬಿ ತೋರಿಸುತ್ತಿದೆ. ಲಿನಕ್ಸ್ ಮೇಲೆ ಮಾರಿಯಾಡಿಬಿ ಡೇಟಾಬೇಸ್ ಇದೆ, ಅದು ಡೇಟಾ ಇಟ್ಟುಕೊಳ್ಳುವ ರ್ಯಾಮ್ ಭಾಗವಾದ ಬಫರ್ ಪೂಲ್ 24ರಿಂದ 100 ಜಿಬಿಗೆ ಏರಿಸಿದೆ. ಲೆಕ್ಕಪತ್ರದ ಟ್ಯಾಲಿಗಾಗಿ 16 ಜಿಬಿಯ ಒಂದು ವಿಂಡೋಸ್ ವರ್ಚುವಲ್ ಮಷಿನ್ (ಸರ್ವರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಕೂಡ ಇದೆ. ಆಮೇಲಿಂದ ಎರಡು ಮೂರು ದಿನಕ್ಕೊಮ್ಮೆ ರಾತ್ರಿ ಸರ್ವರ್ ಬೀಳುತ್ತಿದೆ. ಹೆಚ್ಚಾಗಿ ಯುಎಸ್‌ಬಿ ಡಿಸ್ಕ್‌ಗೆ ಬ್ಯಾಕಪ್ ಹೋಗುವ ಹೊತ್ತಿಗೆ. ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿದೆ, ತಪ್ಪೇನೂ ಸಿಗಲಿಲ್ಲ. ಅಂಗಡಿಯವರು ಕೊಟ್ಟ ಟೆಸ್ಟಿಂಗ್ ವಾರಂಟಿ ಮುಗಿಯುತ್ತಾ ಬಂದಿದೆ. ಸ್ಟಿಕ್‌ಗಳನ್ನು ವಾಪಸ್ ಕೊಟ್ಟುಬಿಡಲಾ?

ಉತ್ತರ: ಇವತ್ತೇ ವಾಪಸ್ ಕೊಡಬೇಡಿ. ಸ್ಟಿಕ್ ಕೆಟ್ಟಿರಬಹುದು. ಆದರೆ ನೀವು ಬರೆದಿದ್ದರಲ್ಲಿ ಸ್ಟಿಕ್ ಕೆಡದೆಯೂ ಇದೇ ರೀತಿ ಆಗುವ ದಾರಿಗಳು ಎರಡಾದರೂ ಕಾಣುತ್ತಿವೆ. ಅವನ್ನು ಬಿಟ್ಟು ಸ್ಟಿಕ್ ಬದಲಾಯಿಸಿದರೆ ಹೊಸ ಸ್ಟಿಕ್ ಹಾಕಿದ ಮೇಲೂ ಸರ್ವರ್ ಬೀಳುತ್ತದೆ. ಅಷ್ಟರಲ್ಲಿ ವಾರಂಟಿಯೂ ಮುಗಿದಿರುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಹೊಸ ರ್ಯಾಮ್ ಹಾಕುವುದಕ್ಕೆ ಮುಂಚಿನ ಬ್ಯಾಕಪ್ ಇನ್ನೂ ಇದ್ದರೆ ಅದನ್ನು ಬೇರೆ ಡಿಸ್ಕ್‌ಗೆ ಹಾಕಿ ತೆಗೆದಿಡಿ. ದಿನವೂ ಅದೇ ಡಿಸ್ಕ್ ಮೇಲೆ ಬ್ಯಾಕಪ್ ಹೋಗುತ್ತಿದ್ದರೆ ಹಳೆಯದು ಅಳಿಸಿಹೋಗುತ್ತಾ ಇರುತ್ತದೆ. ಮೆಮೊರಿ ಮೇಲೆ ಅನುಮಾನ ಇರುವಾಗ ಆ ಹಳೆಯ ಬ್ಯಾಕಪ್ ತುಂಬ ಮುಖ್ಯ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಈಗ ನನ್ನ ಪ್ರಶ್ನೆ: ಸರ್ವರ್ ಬೀಳುತ್ತದೆ ಅಂದರೆ ಏನಾಗುತ್ತದೆ? ಬೆಳಿಗ್ಗೆ ಯಾರಿಗೂ ಲಾಗಿನ್ ಆಗದಿದ್ದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಸರ್ವರ್ ಡೌನ್ ಅಂತ. ಒಳಗೆ ನಡೆದಿರುವುದು ಮಾತ್ರ ಬೇರೆಬೇರೆ. ಲಿನಕ್ಸ್ ಎದ್ದೇ ಇದ್ದು ಡೇಟಾಬೇಸ್ ಮಾತ್ರ ಸತ್ತಿರಬಹುದು. ಇಡೀ ಮಷಿನ್ ಹ್ಯಾಂಗ್ ಆಗಿದ್ದು, ಸೆಕ್ಯುರಿಟಿಯವರೋ ನೀವೋ ಪವರ್ ಬಟನ್ ಒತ್ತಿ ಮತ್ತೆ ಶುರು ಮಾಡಿರಬಹುದು. ಇಲ್ಲವೇ ಅದು ತಾನಾಗೇ ರೀಸ್ಟಾರ್ಟ್ ಆಗಿರಬಹುದು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ತಿಳಿಯುವುದು ಸುಲಭ. ಅಪ್‌ಟೈಮ್ ಕಮಾಂಡ್ ಕೊಡಿ. ರಾತ್ರಿಯ ಘಟನೆಗಿಂತ ಮುಂಚಿನಿಂದಲೂ ಮಷಿನ್ ಎದ್ದಿದ್ದರೆ ಅದು ಬಿದ್ದೇ ಇಲ್ಲ, ಸತ್ತಿದ್ದು ಒಳಗಿನ ಪ್ರೋಗ್ರಾಮ್. ಮಷಿನ್ ಮತ್ತೆ ಶುರುವಾಗಿದ್ದರೆ ಲಾಸ್ಟ್ ಕಮಾಂಡ್‌ನಲ್ಲಿ ರೀಬೂಟ್ ಸಾಲುಗಳನ್ನು ನೋಡಿ. ಸರಿಯಾಗಿ ಶಟ್‌ಡೌನ್ ಆಗದೆ ಎದ್ದಿದ್ದರೆ ಆಗ ಲಾಗಿನ್ ಇದ್ದವರ ಸಾಲಿನಲ್ಲಿ ಕ್ರ್ಯಾಶ್ ಅಂತ ಕಾಣಬಹುದು. ಆಮೇಲೆ ಲಿನಕ್ಸ್‌ನ ಲಾಗ್ ಆದ ಜರ್ನಲ್‌ನಲ್ಲಿ ಹಿಂದಿನ ಬೂಟ್‌ನ ಕೊನೆಯ ಸಾಲುಗಳನ್ನು ಓದಿ. ಕೆಲವು ಲಿನಕ್ಸ್‌ಗಳಲ್ಲಿ ಜರ್ನಲ್ ರ್ಯಾಮ್‌ನಲ್ಲಷ್ಟೇ ಇರುತ್ತದೆ, ರೀಬೂಟ್ ಆದರೆ ಹೋಯಿತು. /var/log ಫೋಲ್ಡರ್ ಒಳಗೆ ಜರ್ನಲ್ ಅನ್ನುವ ಫೋಲ್ಡರ್ ಇಲ್ಲದಿದ್ದರೆ ಈಗಲೇ ಮಾಡಿ, ಜರ್ನಲ್ ಸರ್ವೀಸ್ ರೀಸ್ಟಾರ್ಟ್ ಮಾಡಿ. ಮುಂದಿನ ಸಲದ ದಾಖಲೆಯಾದರೂ ಉಳಿಯುತ್ತದೆ.

ನಿಮ್ಮ ವಿವರ ಓದಿದಾಗ ನನಗೆ ಮೊದಲು ಹೊಳೆದದ್ದು ಹ್ಯಾಂಗ್. ಯಾಕೆ ಅಂದರೆ ಬ್ಯಾಕಪ್ ಯುಎಸ್‌ಬಿ ಡಿಸ್ಕ್‌ಗೆ ಹೋಗುತ್ತಿದೆ. ಲಿನಕ್ಸ್ ಬರೆಯಬೇಕಾದ ಡೇಟಾವನ್ನು ತಕ್ಷಣ ಡಿಸ್ಕ್‌ಗೆ ಕಳಿಸುವುದಿಲ್ಲ. ರ್ಯಾಮ್‌ನಲ್ಲಿ ಇಟ್ಟುಕೊಂಡು ಆಮೇಲೆ ನಿಧಾನವಾಗಿ ಇಳಿಸುತ್ತದೆ. ಹೀಗೆ ಬಾಕಿ ಇರುವುದಕ್ಕೆ ಡರ್ಟಿ ಪೇಜ್ ಅನ್ನುತ್ತಾರೆ. ಎಷ್ಟು ಬಾಕಿ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ. ಸಾಮಾನ್ಯವಾಗಿ ಅದು ಬೇರೆ ಕೆಲಸಕ್ಕೆ ಸಿಗಬಹುದಾದ ಮೆಮೊರಿಯ ಶೇಕಡಾ 20. ಲೆಕ್ಕ ಶೇಕಡಾದಲ್ಲಿ ಇರುವುದೇ ಇಲ್ಲಿ ತೊಂದರೆ. ಮೊದಲು 64 ಜಿಬಿಯಲ್ಲಿ ಡೇಟಾಬೇಸ್‌ಗೆ 24, ವರ್ಚುವಲ್ ಮಷಿನ್‌ಗೆ 16 ಹೋಗಿ ಸುಮಾರು 24 ಜಿಬಿ ಉಳಿಯುತ್ತಿತ್ತು. ಅದರ ಶೇಕಡಾ 20 ಅಂದರೆ 5 ಜಿಬಿಗೂ ಕಡಿಮೆ. ಈಗ 192ರಲ್ಲಿ 116 ಕಳೆದರೆ 76 ಜಿಬಿ. ಅದರ ಶೇಕಡಾ 20 ಅಂದರೆ 15 ಜಿಬಿ. ಬಫರ್ ಪೂಲ್ ಪೂರ್ತಿ ತುಂಬಿರದಿದ್ದರೆ ಇನ್ನೂ ಜಾಸ್ತಿ. ಸಂಪ್ ದೊಡ್ಡದು ಮಾಡಿದಿರಿ, ನೀರು ಮೇಲೆ ಏರಿಸುವ ಮೋಟರ್ ಮಾತ್ರ ಹಳೆಯದೇ. ಸೆಕೆಂಡಿಗೆ 100 ಎಂಬಿ ಬರೆಯುವ ಡಿಸ್ಕ್‌ಗೆ 15 ಜಿಬಿ ಇಳಿಸಲು ಎರಡೂವರೆ ನಿಮಿಷ ಬೇಕು. ಮಿತಿ ಮುಟ್ಟಿದ ಮೇಲೆ ಬರೆಯಲು ಬರುವ ಬೇರೆ ಪ್ರೋಗ್ರಾಮ್‌ಗಳೂ ಕಾಯುತ್ತಾ ನಿಲ್ಲಬೇಕಾಗುತ್ತದೆ. ಯಾವುದಾದರೂ ಕೆಲಸ 120 ಸೆಕೆಂಡ್ ಮೀರಿ ಹಾಗೆ ನಿಂತರೆ ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಲಾಗ್‌ನಲ್ಲಿ ಬರೆಯುತ್ತದೆ: ಇಂಥ ಟಾಸ್ಕ್ 120 ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಬ್ಲಾಕ್ ಆಗಿದೆ ಅಂತ. ಹಂಗ್ ಟಾಸ್ಕ್ ಪ್ಯಾನಿಕ್ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಅಲ್ಲಿಗೇ ಕರ್ನಲ್ ಪ್ಯಾನಿಕ್ ಆಗುತ್ತದೆ, ಅಂದರೆ ಲಿನಕ್ಸ್ ಪೂರ್ತಿ ನಿಂತುಬಿಡುತ್ತದೆ. ಆಗ ನೋಡುವವರಿಗೆ ಥೇಟ್ ರ್ಯಾಮ್ ಕೆಟ್ಟ ಹಾಗೇ ಕಾಣುತ್ತದೆ.

ಆ 120 ಸೆಕೆಂಡ್‌ನ ಸಾಲು ನಿಮ್ಮ ಲಾಗ್‌ನಲ್ಲಿ ಇದ್ದರೆ ಸ್ಟಿಕ್ ಮುಟ್ಟಬೇಡಿ. ಮಿತಿಯನ್ನು ಶೇಕಡಾದ ಬದಲು ಬೈಟ್‌ನಲ್ಲಿ ಹೇಳುವ ಎರಡು ಸೆಟ್ಟಿಂಗ್‌ಗಳಿವೆ, ಡರ್ಟಿ ಬೈಟ್ಸ್ ಮತ್ತು ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್. ಮೊದಲನೆಯದನ್ನು 1 ಜಿಬಿ, ಎರಡನೆಯದನ್ನು 256 ಎಂಬಿ ಇಟ್ಟು ನೋಡಿ. ಬ್ಯಾಕಪ್ ಓಡುವಾಗ ಮೆಮ್‌ಇನ್ಫೋ ಫೈಲಿನಲ್ಲಿ ಡರ್ಟಿ, ರೈಟ್‌ಬ್ಯಾಕ್ ಅನ್ನುವ ಸಾಲುಗಳನ್ನು ಗಮನಿಸಿ. ಮೊದಲು ಹತ್ತಾರು ಜಿಬಿ ಏರುತ್ತಿದ್ದದ್ದು ಈಗ 1 ಜಿಬಿ ಆಸುಪಾಸಿನಲ್ಲೇ ನಿಂತು, ರಾತ್ರಿ ಬ್ಯಾಕಪ್ ಸುಸೂತ್ರವಾಗಿ ಮುಗಿದರೆ ಅಲ್ಲಿಗೆ ಕೆಲಸ ಆಯಿತು.

ಅಪ್‌ಟೈಮ್ ಮುಂದುವರಿದು ಡೇಟಾಬೇಸ್ ಮಾತ್ರ ಸತ್ತಿದ್ದರೆ ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ ಅಂತ ಹುಡುಕಿ. ನೀವು ಕೊಟ್ಟ ಲೆಕ್ಕದಲ್ಲಿ 76 ಜಿಬಿ ಉಳಿಯುವುದರಿಂದ ಇದರ ಸಾಧ್ಯತೆ ಕಡಿಮೆ. ಆದರೆ ಬಫರ್ ಪೂಲ್ ಏರಿಸಿದ ಉತ್ಸಾಹದಲ್ಲಿ ಸಾರ್ಟ್ ಬಫರ್, ಜಾಯಿನ್ ಬಫರ್‌ಗಳನ್ನೂ ಏರಿಸಿದ್ದೀರಾ? ಅವು ಪ್ರತಿ ಕನೆಕ್ಷನ್‌ಗೂ ಬೇರೆಬೇರೆ ಖರ್ಚಾಗುತ್ತವೆ. ನೂರು ಜನ ಒಟ್ಟಿಗೆ ಅಂಥ ಕೆಲಸ ಮಾಡಿದರೆ ನೂರು ಪಟ್ಟು. ಇನ್ನೊಂದು ವಿಷಯ. ನಿಮ್ಮ ಮಷಿನ್‌ನಲ್ಲಿ ಎರಡು ಪ್ರೊಸೆಸರ್ ಇರುವುದರಿಂದ ಮೆಮೊರಿ ಎರಡು ಪಾಲಾಗಿರುತ್ತದೆ. ನಾಲ್ಕು ಸ್ಟಿಕ್ ಸಮನಾಗಿ ಹಂಚಿದ್ದರೆ ಒಂದೊಂದು ಪಾಲು 96 ಜಿಬಿ. ನಿಮ್ಮ ಬಫರ್ ಪೂಲ್ 100 ಜಿಬಿ, ಒಂದು ಪಾಲಿಗಿಂತ ದೊಡ್ಡದು. ಒಂದು ಪಾಲು ತುಂಬಿ, ಇನ್ನೊಂದರಲ್ಲಿ ಜಾಗ ಇದ್ದರೂ ಸ್ವಾಪ್ (ರ್ಯಾಮ್‌ನಲ್ಲಿದ್ದದ್ದನ್ನು ಡಿಸ್ಕ್‌ಗೆ ಸರಿಸುವುದು) ಶುರುವಾಗುವ ಉದಾಹರಣೆಗಳಿವೆ. ಆಗ ಡೇಟಾಬೇಸ್ ಆಮೆಯಾಗುತ್ತದೆ. ನ್ಯೂಮಾಸಿಟಿಎಲ್ ಕಮಾಂಡ್ ಮೂಲಕ ಇಂಟರ್‌ಲೀವ್ ಮಾಡಿ, ಅಂದರೆ ಮೆಮೊರಿಯನ್ನು ಎರಡೂ ಪಾಲಿನಿಂದ ಸಮನಾಗಿ ತೆಗೆದುಕೊಳ್ಳುವಂತೆ ಮಾಡಿ, ಮಾರಿಯಾಡಿಬಿ ಶುರು ಮಾಡಿದರೆ ಇದು ತಪ್ಪುತ್ತದೆ. ಅಥವಾ ಸುಮ್ನೆ ಬಫರ್ ಪೂಲ್ 64 ಜಿಬಿಗೆ ಇಳಿಸಿ. ಡೇಟಾ ಒಟ್ಟು 40 ಜಿಬಿ ಇದ್ದರೆ 100 ಜಿಬಿ ಪೂಲ್‌ನಿಂದ ಲಾಭ ಏನೂ ಇಲ್ಲ.

ಇನ್ನು ಮೂರನೆಯದು, ತಾನಾಗೇ ರೀಸ್ಟಾರ್ಟ್ ಆಗುವುದು. ಇಲ್ಲಿ ರ್ಯಾಮ್ ಮೇಲೆ ಅನುಮಾನ ಪಡುವುದು ನ್ಯಾಯ.

ಇಂಥ ಸರ್ವರ್‌ನಲ್ಲಿ ಲಿನಕ್ಸ್‌ಗಿಂತ ಬೇರೆಯಾಗಿ ಒಂದು ಚಿಕ್ಕ ಕಂಟ್ರೋಲರ್ ಮದರ್‌ಬೋರ್ಡ್ ಮೇಲೇ ಕೂತಿರುತ್ತದೆ. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಲೋ ಅನ್ನುತ್ತಾರೆ. ಲಿನಕ್ಸ್ ಸತ್ತರೂ ಅದು ಎಚ್ಚರವಾಗಿರುತ್ತದೆ, ತನ್ನದೇ ಲಾಗ್ ಬರೆಯುತ್ತದೆ. ಸಿಸ್ಟಮ್ ಇವೆಂಟ್ ಲಾಗ್ ಅದು. ಸ್ಟಿಕ್ ಕೆಟ್ಟಿದ್ದರೆ ಯಾವ ಸ್ಲಾಟ್ ಅನ್ನುವುದನ್ನೂ ಸಾಮಾನ್ಯವಾಗಿ ಅಲ್ಲೇ ಹೇಳುತ್ತದೆ. ಐಪಿಎಂಐಟೂಲ್ ಅನ್ನುವ ಕಮಾಂಡ್‌ನಿಂದಲೂ ಓದಬಹುದು, ಬ್ರೌಸರ್‌ನಲ್ಲೂ ನೋಡಬಹುದು. ಒಂದು ಎಚ್ಚರಿಕೆ: ಆ ಕಂಟ್ರೋಲರ್‌ನ ಗಡಿಯಾರ ಎಷ್ಟೋ ಕಡೆ ನಮ್ಮ ಸಮಯಕ್ಕೆ ಇರುವುದಿಲ್ಲ, ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿ ಇರುತ್ತದೆ. ನಮಗೂ ಅದಕ್ಕೂ ಐದೂವರೆ ಗಂಟೆ ವ್ಯತ್ಯಾಸ. ರಾತ್ರಿ 2 ಗಂಟೆಗೆ ಆಗಿದ್ದು ಅಲ್ಲಿ ಹಿಂದಿನ ದಿನದ 20:30 ಅಂತ ಕಾಣುತ್ತದೆ. ಇದು ಗೊತ್ತಿಲ್ಲದೆ, ಆ ಹೊತ್ತಿಗೆ ಏನೂ ಇಲ್ಲ ಅಂತ ಲಾಗ್ ಮುಚ್ಚಿಬಿಡುವವರು ತುಂಬ ಜನ.

ಆ ಲಾಗ್‌ನಲ್ಲಿ ಎರಡು ಬಗೆಯ ಮೆಮೊರಿ ತಪ್ಪುಗಳು ಸಿಗಬಹುದು. ಡಿಡಿಆರ್4 ಸರ್ವರ್ ಸ್ಟಿಕ್‌ನಲ್ಲಿ ಪ್ರತಿ 64 ಬಿಟ್ ಡೇಟಾಗೆ 8 ಬಿಟ್ ಹೆಚ್ಚುವರಿ ಇರುತ್ತದೆ. ಅದೇ ಇಸಿಸಿ. ಒಂದು ಬಿಟ್ ತಪ್ಪಾದರೆ ಹಾರ್ಡ್‌ವೇರ್ ತಾನೇ ಸರಿಮಾಡಿ ಮುಂದೆ ಹೋಗುತ್ತದೆ, ಲಾಗ್‌ನಲ್ಲಿ ಕರೆಕ್ಟಬಲ್ ಅಂತ ಬರೆಯುತ್ತದೆ. ಸರಿಮಾಡಲು ಆಗದಷ್ಟು ತಪ್ಪಿದ್ದರೆ ಅನ್‌ಕರೆಕ್ಟಬಲ್ ಅಂತ ಬರೆದು, ಸಾಮಾನ್ಯವಾಗಿ ಇಡೀ ಮಷಿನ್ ನಿಲ್ಲಿಸಿಬಿಡುತ್ತದೆ. ಕರ್ನಲ್ ಕಡೆ ಇದು ಮಷಿನ್ ಚೆಕ್ ಅಂತ ಕಾಣುತ್ತದೆ. ತಪ್ಪು ಅಂಕಿ ನಿಮ್ಮ ಡೇಟಾಬೇಸ್‌ಗೆ ಹೋಗುವುದಕ್ಕಿಂತ ಮಷಿನ್ ನಿಲ್ಲುವುದೇ ಮೇಲು ಅನ್ನುವ ಲೆಕ್ಕ ಅದು.

ಒಂದೇ ಒಂದು ಕರೆಕ್ಟಬಲ್ ಸಾಲು ಕಂಡರೆ ಗಾಬರಿ ಬೇಡ. ಗೂಗಲ್ ತನ್ನ ಸರ್ವರ್‌ಗಳ ಮೆಮೊರಿ ಬಗ್ಗೆ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ವರ್ಷವೊಂದರಲ್ಲಿ ಶೇಕಡಾ 8ಕ್ಕೂ ಹೆಚ್ಚು ಸ್ಟಿಕ್‌ಗಳಲ್ಲಿ ಇಂಥ ತಪ್ಪು ಕಂಡುಬಂದಿತ್ತು. ಒಮ್ಮೆ ತಪ್ಪು ತೋರಿದ ಸ್ಟಿಕ್ಕೇ ಅದೇ ತಿಂಗಳಲ್ಲಿ ಮತ್ತೆ ತಪ್ಪು ತೋರುವ ಸಾಧ್ಯತೆ ಬೇರೆಯವಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಅನ್ನುವುದೂ ಅದರಲ್ಲಿ ತಿಳಿಯಿತು. ಹಾಗಾಗಿ ನೋಡಬೇಕಾದದ್ದು ಒಂದೇ ಸ್ಲಾಟ್‌ನ ಹೆಸರು ಮತ್ತೆ ಮತ್ತೆ ಬರುತ್ತಿದೆಯಾ ಅನ್ನುವುದನ್ನು. ಲಿನಕ್ಸ್‌ನಲ್ಲಿ ರಾಸ್‌ಡೀಮನ್ ಅನ್ನುವ ಪ್ರೋಗ್ರಾಮ್ ಹಾಕಿಕೊಂಡರೆ ಈ ಎಣಿಕೆ ತಾನಾಗೇ ನಡೆಯುತ್ತದೆ.

ಹಾಗಾದರೆ ಮೆಮ್‌ಟೆಸ್ಟ್ ಯಾಕೆ ಪಾಸ್ ಆಯಿತು ಅಂತ ಕೇಳುತ್ತೀರಿ, ಅಲ್ವಾ? ಮೆಮ್‌ಟೆಸ್ಟ್ ಒಂದು ಮೌಲ್ಯ ಬರೆದು ವಾಪಸ್ ಓದುತ್ತದೆ. ನಡುವೆ ಒಂದು ಬಿಟ್ ತಪ್ಪಿದರೆ ಅದಕ್ಕೆ ಸಿಗುವ ಹೊತ್ತಿಗೆ ಇಸಿಸಿ ಸರಿ ಮಾಡಿರುತ್ತದೆ. ಇಸಿಸಿ ಎಣಿಕೆಯನ್ನು ಓದದ ಆವೃತ್ತಿಯಾದರೆ ಅದರ ಕಣ್ಣಿಗೆ ಎಲ್ಲವೂ ಸರಿಯೇ. ಮೆಮ್‌ಟೆಸ್ಟ್ ಓಡಿದ ಮೇಲೆ ಇವೆಂಟ್ ಲಾಗ್ ನೋಡಿದಿರಾ? ನೋಡದಿದ್ದರೆ ಆ ಪರೀಕ್ಷೆ ಅರ್ಧ ಮಾತ್ರ ಆಗಿದೆ. ಇನ್ನೊಂದು, 192 ಜಿಬಿಯನ್ನು ಒಂದು ಸುತ್ತು ಪರೀಕ್ಷಿಸಲು ಗಂಟೆಗಟ್ಟಲೆ ಬೇಕು. ಒಂದು ರಾತ್ರಿಯಲ್ಲಿ ಎಷ್ಟು ಸುತ್ತು ಮುಗಿದವು ಅಂತ ತೆರೆಯ ಮೇಲೆ ಇರುತ್ತದೆ, ಗಮನಿಸಿ. ಡಿಸ್ಕ್, ನೆಟ್‌ವರ್ಕ್ ಎಲ್ಲ ಒಟ್ಟಿಗೆ ದುಡಿಯುವಾಗಿನ ಬಿಸಿ ಮತ್ತು ಒತ್ತಡ ಕೂಡ ಮೆಮ್‌ಟೆಸ್ಟ್‌ನಲ್ಲಿ ಬರುವುದಿಲ್ಲ.

ರಾತ್ರಿಯೇ ಯಾಕೆ, ಅದೂ ಎರಡು ಮೂರು ದಿನ ಬಿಟ್ಟು ಯಾಕೆ ಅನ್ನುವುದಕ್ಕೂ ಕೆಟ್ಟ ಸ್ಟಿಕ್ ಉತ್ತರ ಕೊಡಬಲ್ಲದು. ಮಷಿನ್ ಹೊಸದಾಗಿ ಎದ್ದಾಗ ಮೆಮೊರಿಯ ಬಹುಪಾಲು ಖಾಲಿ. ಹಗಲಿನ ಕೆಲಸಕ್ಕೆ ಸ್ವಲ್ಪವೇ ಸಾಕು. ಬ್ಯಾಕಪ್ ಓಡಿದಾಗ ಲಿನಕ್ಸ್ ಓದಿದ್ದನ್ನೆಲ್ಲ ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತಾ ಖಾಲಿ ಜಾಗ ತುಂಬುತ್ತದೆ. ಅಲ್ಲಿಯವರೆಗೆ ಯಾರೂ ಬಳಸದ ಕೆಟ್ಟ ಮೂಲೆಯನ್ನು ಆಗಷ್ಟೇ ಮುಟ್ಟುತ್ತದೆ. ನೋಡಿ, ಡರ್ಟಿ ಪೇಜ್ ಕಾರಣವೂ ಬ್ಯಾಕಪ್ ಹೊತ್ತಿಗೇ ಕೈ ತೋರಿಸುತ್ತದೆ, ಕೆಟ್ಟ ಸ್ಟಿಕ್ ಕೂಡ. ಸಮಯ ಒಂದನ್ನೇ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. ಬಿದ್ದ ರೀತಿ ನೋಡಿ ಅಂತ ಒತ್ತಿ ಹೇಳಿದ್ದು ಅದಕ್ಕೇ.

ಈಗ ಸ್ಲಾಟ್ ವಿಷಯ. ನೀವು 32 ಜಿಬಿ ಸ್ಟಿಕ್‌ಗಳನ್ನು ಖಾಲಿ ಸ್ಲಾಟ್‌ಗಳಿಗೆ ಹಾಕಿದೆ ಅಂದಿದ್ದೀರಿ. ನನಗೆ ಅಲ್ಲೇ ಅನುಮಾನ. ನಿಮ್ಮ ಒಂದೊಂದು ಪ್ರೊಸೆಸರ್‌ಗೂ ನಾಲ್ಕು ಮೆಮೊರಿ ಚಾನೆಲ್ (ರ್ಯಾಮ್‌ಗೆ ಹೋಗುವ ದಾರಿ), ಚಾನೆಲ್‌ಗೆ ಎರಡು ಸ್ಲಾಟ್. ಹಳೆಯ ಎಂಟು ಸ್ಟಿಕ್‌ಗಳು ಚಾನೆಲ್‌ಗೆ ಒಂದರಂತೆ ಮೊದಲನೆಯ ಸ್ಲಾಟ್‌ಗಳಲ್ಲಿ ಕೂತಿರುತ್ತವೆ. ಹೊಸವು ಎರಡನೆಯ ಸ್ಲಾಟ್‌ಗಳಿಗೆ ಹೋಗಿವೆ. ಇಂಥ ಸರ್ವರ್‌ಗಳ ಮ್ಯಾನುಯಲ್ ಸಾಮಾನ್ಯವಾಗಿ ಹೇಳುವುದು ಇದರ ಉಲ್ಟಾ: ಬೇರೆಬೇರೆ ಅಳತೆಯವನ್ನು ಬೆರೆಸುವುದಾದರೆ ದೊಡ್ಡದು ಮೊದಲನೆಯ ಸ್ಲಾಟ್‌ಗೆ, ಚಿಕ್ಕದು ಎರಡನೆಯದಕ್ಕೆ. ಮೊದಲನೆಯ ಸ್ಲಾಟ್ ಚಾನೆಲ್‌ನ ತುದಿಯಲ್ಲಿ, ಪ್ರೊಸೆಸರ್‌ನಿಂದ ದೂರದಲ್ಲಿ ಇರುತ್ತದೆ. ಸಿಗ್ನಲ್‌ಗೆ ಹೆಚ್ಚು ಭಾರವಾದ ಸ್ಟಿಕ್ ಅಲ್ಲಿದ್ದರೆ ತಂತಿಯಲ್ಲಿ ಸಿಗ್ನಲ್ ಮರುಕಳಿಸುವುದು ಕಡಿಮೆ. ಉಲ್ಟಾ ಹಾಕಿದರೂ ಎಷ್ಟೋ ಬೋರ್ಡ್‌ಗಳು ಬೂಟ್ ಆಗಿ 192 ಜಿಬಿ ತೋರಿಸುತ್ತವೆ. ಆದರೆ ಬೂಟ್ ಆಗುವುದು ಬೇರೆ, ಒತ್ತಡದಲ್ಲಿ ದಿನಗಟ್ಟಲೆ ತಪ್ಪಿಲ್ಲದೆ ಓಡುವುದು ಬೇರೆ.

ಕವರ್ ತೆಗೆದಾಗ ಸ್ಟಿಕ್ಕರ್‌ಗಳನ್ನೂ ಓದಿ. ಪಿಸಿ4-2400ಟಿ ಅಂತ ಇರುವಲ್ಲಿ ಮುಂದಿನ ಅಕ್ಷರ ಆರ್ ಇದ್ದರೆ ರಿಜಿಸ್ಟರ್ಡ್, ಎಲ್ ಇದ್ದರೆ ಲೋಡ್ ರೆಡ್ಯೂಸ್ಡ್. ಈ ಎರಡು ಬಗೆಯ ಸ್ಟಿಕ್‌ಗಳನ್ನು ಬೆರೆಸುವಂತಿಲ್ಲ. ನಿಮ್ಮ ಮಷಿನ್ ಎಲ್ಲ ಸ್ಟಿಕ್ ಎಣಿಸಿ ಬೂಟ್ ಆಗಿರುವುದರಿಂದ ಎಲ್ಲವೂ ಒಂದೇ ಬಗೆ ಇರಬೇಕು, ಆದರೂ ಖಾತ್ರಿ ಮಾಡಿಕೊಳ್ಳಿ. ಹಳೆಯವು 2133, ಹೊಸವು 2400 ವೇಗದವಾದರೆ ಚಿಂತೆ ಇಲ್ಲ. ಎಲ್ಲವೂ ಕಡಿಮೆ ವೇಗಕ್ಕೆ ಇಳಿಯುತ್ತವೆ ಅಷ್ಟೆ. ಡಿಎಂಐಡಿಕೋಡ್ ಕಮಾಂಡ್ ತೋರಿಸುವ ಸೀರಿಯಲ್ ನಂಬರ್, ಪಾರ್ಟ್ ನಂಬರ್‌ಗಳನ್ನು ಸ್ಟಿಕ್ಕರ್ ಜೊತೆ ಹೋಲಿಸಿ. ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಸ್ಟಿಕ್ಕರ್ ಒಂದು, ಒಳಗಿನ ಚಿಪ್ ಹೇಳುವುದು ಇನ್ನೊಂದು ಆದರೆ, ಬೇರೇನೂ ನೋಡದೆ ವಾಪಸ್ ಕೊಡಲು ಅದೊಂದೇ ಕಾರಣ ಸಾಕು. ಮದರ್‌ಬೋರ್ಡ್‌ನ ಬಯಾಸ್ ಪ್ರೋಗ್ರಾಮ್ ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ. ಮೆಮೊರಿ ಟ್ರೇನಿಂಗ್ (ಬೂಟ್ ಆಗುವಾಗ ರ್ಯಾಮ್ ಜೊತೆ ಸಿಗ್ನಲ್ ಹೊಂದಿಸಿಕೊಳ್ಳುವುದು) ಸರಿಪಡಿಸಿದ ಅಪ್‌ಡೇಟ್‌ಗಳು ಬಹಳ ಬಂದಿವೆ.

ಪರೀಕ್ಷೆ ಹೀಗೆ ಮಾಡಿ. ಮೊದಲು ಇವೆಂಟ್ ಲಾಗ್‌ನ ಪ್ರತಿ ತೆಗೆದಿಟ್ಟುಕೊಂಡು ಅದನ್ನು ಖಾಲಿ ಮಾಡಿ. ಆಮೇಲೆ ದೊಡ್ಡ ಸ್ಟಿಕ್‌ಗಳನ್ನು ಮೊದಲನೆಯ ಸ್ಲಾಟ್‌ಗಳಿಗೆ ತಂದು, ಅಲ್ಲಿದ್ದ ಚಿಕ್ಕವನ್ನು ಎರಡನೆಯದಕ್ಕೆ ಸರಿಸಿ. ಎರಡೂ ಕಡೆಯ ಕ್ಲಿಪ್ ಟಕ್ ಅಂತ ಕೂರಬೇಕು. ಒಂದು ಕಡೆ ಮಾತ್ರ ಕೂತ ಸ್ಟಿಕ್ ಕೂಡ ಬೂಟ್ ಆಗಿ ಮೋಸ ಮಾಡಬಹುದು. ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗೆ ಬೆರಳು ತಾಗಿಸಬೇಡಿ. ನಿಮ್ಮ ಏರಿಯಾದಲ್ಲಿ ಲೋಹದ ಪುಡಿ, ಧೂಳು ಜಾಸ್ತಿ. ಖಾಲಿ ಇದ್ದ ಸ್ಲಾಟ್‌ಗಳ ಒಳಗೆ ವರ್ಷಗಟ್ಟಲೆ ಕೂತ ಧೂಳನ್ನು ಬ್ಲೋವರ್‌ನಿಂದ ತೆಗೆಯಿರಿ. ಮುಚ್ಚುವಾಗ ಪ್ರೊಸೆಸರ್ ಮತ್ತು ರ್ಯಾಮ್ ಮೇಲೆ ಗಾಳಿ ಹಾಯಿಸುವ ಪ್ಲಾಸ್ಟಿಕ್ ಕವಚ ವಾಪಸ್ ಕೂರಿಸಿ. ಅದನ್ನು ಮರೆತರೆ ಸ್ಟಿಕ್‌ಗಳಿಗೆ ಗಾಳಿ ಸರಿಯಾಗಿ ಸಿಗುವುದಿಲ್ಲ. ಸಂಜೆ ಕೊನೆಯವರು ಹೊರಡುವಾಗ ಸರ್ವರ್ ರೂಮಿನ ಎಸಿಯನ್ನೂ ಆರಿಸುತ್ತಾರಾ, ಕೇಳಿ ನೋಡಿ. ಕರೆಂಟ್ ಹೋಗಿ ಜನರೇಟರ್ ಏಳುವಷ್ಟರಲ್ಲಿ ಯುಪಿಎಸ್ ಕೈಕೊಡುತ್ತಿದ್ದರೆ ಅದೂ ಪವರ್ ಸಪ್ಲೈ ಕಡೆಯ ತಪ್ಪಾಗಿ ಇವೆಂಟ್ ಲಾಗ್‌ನಲ್ಲಿ ಇರುತ್ತದೆ. ನಾಲ್ಕು ಸ್ಟಿಕ್ ಎಳೆಯುವ ಹೆಚ್ಚುವರಿ ವಿದ್ಯುತ್ ಸ್ವಲ್ಪವೇ. ಅದರಿಂದ ಸರ್ವರ್‌ನ ಪವರ್ ಸಪ್ಲೈ ಬೀಳುವುದಿಲ್ಲ.

ಜಾಗ ಸರಿಪಡಿಸಿದ ಮೇಲೂ ಒಂದೇ ಸ್ಲಾಟ್‌ನ ಹೆಸರು ಲಾಗ್‌ನಲ್ಲಿ ಬಂದರೆ ಆ ಸ್ಟಿಕ್ಕನ್ನು ಇನ್ನೊಂದು ಪ್ರೊಸೆಸರ್ ಕಡೆಯ 32 ಜಿಬಿ ಸ್ಟಿಕ್ ಜೊತೆ ಅದಲುಬದಲು ಮಾಡಿ. ಬೇರೇನೂ ಬದಲಿಸಬೇಡಿ. ಬಯಾಸ್ ಅಪ್‌ಡೇಟ್ ಕೂಡ ಅದೇ ದಿನ ಬೇಡ. ತಪ್ಪು ಸ್ಟಿಕ್ ಹಿಂದೆ ಹೋದರೆ ಸ್ಟಿಕ್ ಕೆಟ್ಟಿದೆ. ತಪ್ಪು ಹಳೆಯ ಸ್ಲಾಟ್‌ನಲ್ಲೇ ಉಳಿದರೆ ಸ್ಲಾಟ್, ಬೋರ್ಡ್ ಅಥವಾ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಕಡೆ ನೋಡಬೇಕು. ಆಗ ಅಂಗಡಿಯವರ ತಪ್ಪು ಏನೂ ಇಲ್ಲ.

ಅಂಗಡಿಗೆ ಇವತ್ತೇ ಫೋನ್ ಮಾಡಿ, ಪರೀಕ್ಷೆ ನಡೀತಾ ಇದೆ, ತೊಂದರೆ ಇದೆ ಅಂತ ವಾಟ್ಸಾಪ್‌ನಲ್ಲೂ ಹಾಕಿಡಿ. ಬಿಲ್, ಸೀರಿಯಲ್ ನಂಬರ್ ಕಾಣುವ ಫೋಟೋ, ಲಾಗ್‌ನ ಸ್ಕ್ರೀನ್‌ಶಾಟ್ ಜೊತೆಗಿರಲಿ. ಸುಮ್ನೆ ಸರ್ವರ್ ಬೀಳ್ತಾ ಇದೆ ಅಂದರೆ ಅವರು ತಮ್ಮ ಮಷಿನ್‌ಗೆ ಹಾಕಿ, ಬೂಟ್ ಆಯ್ತಲ್ಲ ಸಾರ್ ಅನ್ನುತ್ತಾರೆ. ಇಂಥ ಸೀರಿಯಲ್ ನಂಬರ್‌ನ ಸ್ಟಿಕ್ ಎರಡು ಸ್ಲಾಟ್‌ಗಳಲ್ಲೂ ಅನ್‌ಕರೆಕ್ಟಬಲ್ ತೋರಿಸಿದೆ ಅಂತ ದಾಖಲೆ ಇಟ್ಟರೆ ಮಾತು ಬೇಗ ಮುಗಿಯುತ್ತದೆ. ದುಡ್ಡು ಹೊಂದಿಸಬಹುದಾದರೆ ನನ್ನ ಸಲಹೆ, ಅದೇ ಪಾರ್ಟ್ ನಂಬರ್‌ನ ಇನ್ನೂ ನಾಲ್ಕು 32 ಜಿಬಿ ತಂದು ಹಳೆಯ 8 ಜಿಬಿಗಳನ್ನು ಪೂರ್ತಿ ತೆಗೆಯುವುದು. ಚಾನೆಲ್‌ಗೆ ಒಂದರಂತೆ ಎಂಟು ಒಂದೇ ಬಗೆಯ ಸ್ಟಿಕ್, ಒಟ್ಟು 256 ಜಿಬಿ. ಈ ಬೆರಕೆಯ ತಲೆನೋವೇ ಇರುವುದಿಲ್ಲ.

ಕೊನೆಗೆ ಡೇಟಾ. ಹಳೆಯ ಬ್ಯಾಕಪ್ ತೆಗೆದಿಡಿ ಅಂದಿದ್ದು ಇದಕ್ಕೆ. ಇಸಿಸಿ ಬಹುತೇಕ ತಪ್ಪುಗಳನ್ನು ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ. ಹಲವು ಬಿಟ್‌ಗಳು ಒಟ್ಟಿಗೆ ಕೆಟ್ಟರೆ ಅಪರೂಪಕ್ಕೆ ನುಸುಳಿ ಹೋಗಬಹುದು. ಹಾಗೆ ಹೋದರೆ ಡೇಟಾಬೇಸ್‌ನ ಚೆಕ್‌ಸಮ್ (ಡೇಟಾ ಕೆಟ್ಟಿಲ್ಲ ಅಂತ ತಾಳೆ ನೋಡುವ ಅಂಕಿ) ಕೂಡ ಕಾಪಾಡುವುದಿಲ್ಲ. ರ್ಯಾಮ್‌ನಲ್ಲೇ ಕೆಟ್ಟ ಅಂಕಿಗೆ ಸರಿಯಾದ ಚೆಕ್‌ಸಮ್ ಹಾಕಿ ಡಿಸ್ಕ್‌ಗೆ ಬರೆದಿರುತ್ತದೆ. ಹಾಗೆಯೇ ಬರೆಯುತ್ತಿರುವಾಗ ಬಟನ್ ಒತ್ತಿ ಆರಿಸಿದ್ದರೆ ಮಾರಿಯಾಡಿಬಿಯ ಇನ್ನೋಡಿಬಿ ಬಗೆಯ ಟೇಬಲ್‌ಗಳು ಸಾಮಾನ್ಯವಾಗಿ ತಾವೇ ಚೇತರಿಸಿಕೊಳ್ಳುತ್ತವೆ. ಹಳೆಯ ಮೈಐಎಸ್‌ಎಎಂ ಬಗೆಯ ಟೇಬಲ್‌ಗಳಿಗೆ ಆ ಭರವಸೆ ಇಲ್ಲ. ಮಾರಿಯಾಡಿಬಿ ಚೆಕ್ ಎಲ್ಲ ಟೇಬಲ್‌ಗಳ ಮೇಲೂ ಓಡಿಸಿ. ಇತ್ತೀಚಿನ ಬ್ಯಾಕಪ್ ಒಂದನ್ನು ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ, ಅದು ನಿಜವಾಗಿ ತೆರೆಯುತ್ತದಾ ನೋಡಿ. ಟ್ಯಾಲಿಯಲ್ಲಿ ರ್ಯಾಮ್ ಹಾಕಿದ ದಿನದಿಂದ ಇವತ್ತಿನವರೆಗಿನ ಮಾರಾಟದ ಮೊತ್ತವನ್ನು, ಸಲ್ಲಿಸಿದ ಜಿಎಸ್‌ಟಿ ರಿಟರ್ನ್ ಮತ್ತು ಪ್ರಿಂಟ್ ಮಾಡಿದ ಇನ್‌ವಾಯ್ಸ್‌ಗಳ ಜೊತೆ ನಿಮ್ಮ ಅಕೌಂಟೆಂಟ್ ಕೈಲಿ ತಾಳೆ ನೋಡಿಸಿ. ಎಲ್ಲ ಹೊಂದಿದ ಮೇಲೆ, ಸರ್ವರ್ ಎರಡು ವಾರ ಒಂದೂ ತಪ್ಪಿಲ್ಲದೆ ಓಡಿದ ಮೇಲೆ ಆ ಹಳೆಯ ಬ್ಯಾಕಪ್ ಅಳಿಸಬಹುದು. ಅಲ್ಲಿಯವರೆಗೆ ಆ ಡಿಸ್ಕ್ ಸರ್ವರ್‌ಗೆ ಸಿಕ್ಕಿಸಿಡಬೇಡಿ.